ಕನ್ನಡಕ ಮಾರದೆ ಕಳಿಸಿದವರು

ಪೇಪರ್ ಓದಲಿಕ್ಕೆ ಆಗ್ತಿಲ್ಲ, ನಂಬರ್ ಬದಲಾಗಿರಬೇಕು ಅಂತ ಅಪ್ಪನ ತಕರಾರು. ಹಂಪನಕಟ್ಟೆಯ ಒಂದು ಕನ್ನಡಕದ ಅಂಗಡಿಗೆ ಕರಕೊಂಡು ಹೋದೆ. ಅಲ್ಲಿನ ಆಪ್ಟೋಮೆಟ್ರಿಸ್ಟ್ ಗಾಜು ಬದಲಿಸುತ್ತಾ "ಇದು ಸರಿ ಕಾಣ್ತದಾ, ಅದಾ?" ಅಂತ ಕೇಳ್ತಾ ಹೋದರು. ಹೆಚ್ಚುಕಮ್ಮಿ ನಮ್ಮ ಬೈನರಿ ಸರ್ಚ್ :) ಯಾವ ಗಾಜಿಗೂ ಅಕ್ಷರ ಸ್ಪಷ್ಟವಾಗಲಿಲ್ಲ. ಆಮೇಲೆ ಸಣ್ಣ ಸಣ್ಣ ತೂತುಗಳಿದ್ದ ಕಪ್ಪು ಬಿಲ್ಲೆಯೊಂದನ್ನು ಕಣ್ಣಿಗೆ ಹಿಡಿದರು. ಊಹೂಂ.

"ಶುಗರ್ ಉಂಟಾ?" ಅಂದರು. ಉಂಟು. "ಹಾಗಾದ್ರೆ ಈಗ ಕನ್ನಡಕ ಬೇಡ. ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ."

ಆ ಬಿಲ್ಲೆಯ ಗುಟ್ಟು ಸರಳ. ಸಣ್ಣ ತೂತಿನ ಮೂಲಕ ನೋಡಿದಾಗ, ಬರೀ ನಂಬರಿನ ತೊಂದರೆಯಾದರೆ ಅಕ್ಷರ ಚುರುಕಾಗಿ ಕಾಣುತ್ತದೆ. ಕಾಣದಿದ್ದರೆ ತೊಂದರೆ ಬೇರೆಲ್ಲೋ ಇದೆ ಅಂತ ಅನುಮಾನ ಪಡಬೇಕು. ಅಪ್ಪನಿಗೆ ಅದು ಅಕ್ಷಿಪಟಲದಲ್ಲಿತ್ತು.

ಇದೇ ಮಂಗಳೂರಿನಲ್ಲಿ 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದರು. ಅದನ್ನು ಓದಲಾಗದೆ ಕಣ್ಣು ಕಿರಿದು ಮಾಡಿದವರಿಗೆ ಕಾರಣ ಹೇಳುವವರು ಯಾರಿದ್ದರು? ಜೀವಂತ ಕಣ್ಣಿನೊಳಗೆ ಇಣುಕುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೋಕಕ್ಕೆ ಕೊಟ್ಟದ್ದು 1851ರಲ್ಲಿ. ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತಾ ಹೋಗುವ ಅಕ್ಷರಗಳ ಪಟ್ಟಿ ಹಾಲೆಂಡಿನ ಸ್ನೆಲೆನ್ ಅವರದ್ದು, 1862.

ಉಪಕರಣಗಳು ಬಂದವು, ಅವನ್ನು ಹಿಡಿಯುವವರ ಓದು ನಮ್ಮಲ್ಲಿ ತುಂಬ ತಡ. ಭಾರತದಲ್ಲಿ ಆಪ್ಟೋಮೆಟ್ರಿ ಶಾಲೆ ಶುರುವಾದದ್ದು 1958ರಲ್ಲಿ, ಅಲಿಘಡದ ಗಾಂಧಿ ಕಣ್ಣಿನ ಆಸ್ಪತ್ರೆಯಲ್ಲಿ. ಚೆನ್ನೈನಲ್ಲಿ ನಾಲ್ಕು ವರ್ಷದ ಪದವಿ ಬಂದದ್ದು 1985ರಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ಕಾನೂನೊಂದು ಈ ವೃತ್ತಿಯನ್ನು ಹೆಸರಿಸಿ ಗುರುತಿಸಿದ್ದು 2021ರಲ್ಲಿ!

ಕಣ್ಣು ಅಂದರೆ ಕರ್ನಾಟಕಕ್ಕೆ ನೆನಪಾಗುವವರು ಊರೂರು ಸುತ್ತಿ ಶಿಬಿರಗಳಲ್ಲಿ ಪೊರೆ ತೆಗೆದ ಡಾ. ಎಂ. ಸಿ. ಮೋದಿ (1916-2005). ನೆನಪಾಗಲೇಬೇಕು. ಆದರೆ ಶಸ್ತ್ರಚಿಕಿತ್ಸೆಯ ಕೋಣೆಗೆ ಯಾರು ಹೋಗಬೇಕು, ಯಾರಿಗೆ ಬರೀ ಗಾಜು ಸಾಕು ಅಂತ ಮೊದಲ ಬಾಗಿಲಲ್ಲೇ ವಿಂಗಡಿಸುವವರ ಹೆಸರು ನಮಗೆ ಗೊತ್ತೇ ಇರುವುದಿಲ್ಲ. ನಾನೂ ಅವರನ್ನು 'ಅಂಗಡಿಯವರು' ಅಂತಲೇ ತಿಳಿದಿದ್ದೆ.

ಅಪ್ಪನಿಗೆ ಲೇಸರ್ ಚಿಕಿತ್ಸೆ ಆಯಿತು. ಹೋದ ದೃಷ್ಟಿ ಪೂರ್ತಿ ಮರಳಲಿಲ್ಲ, ಇದ್ದದ್ದು ಉಳಿಯಿತು. ನಾಲ್ಕು ತಿಂಗಳ ನಂತರ ಅದೇ ಅಂಗಡಿಯಲ್ಲಿ ಕನ್ನಡಕ ಮಾಡಿಸಿದೆವು. ಈಗ ಪೇಪರಿನ ದಪ್ಪ ಅಕ್ಷರ ಅವರೇ ಓದುತ್ತಾರೆ, ಸಣ್ಣದನ್ನು ನಾನು ಓದಿ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಶುಗರ್ ಇರುವವರು ಕಣ್ಣು ತೋರಿಸಿ ಎಷ್ಟು ಕಾಲ ಆಯಿತು?