ತೊಗಲು ಹದ ಮಾಡಿದವರ ಮೊಮ್ಮಕ್ಕಳಿಗೆ

ಪೋಸ್ಟ್ ಉದ್ದ ಐತಿ, ಪುರಸೊತ್ತಿದ್ದಾಗ ಓದ್ರಿ. ವಿಜಯಪುರ, ಟಿಕೋಟಾ, ಬಬಲೇಶ್ವರ ಕಡೆಯಿಂದ ಎಂ.ಟೆಕ್., ಪಿಎಚ್‌.ಡಿ. ಅಂತ ಹೋಗಿ, ವೈದ್ಯಕೀಯ ಸಾಧನ ತಯಾರಿಸೋ ಕಂಪನಿಗಳ ಲ್ಯಾಬಿಗೆ ಈಗಷ್ಟೇ ಕಾಲಿಟ್ಟ ನಮ್ಮ ಮಕ್ಕಳಿಗಾಗಿ ಬರೀತಿದ್ದೇನೆ.

ಹೃದಯದ ಕವಾಟ ಕೆಟ್ಟವರಿಗೆ ಹಾಕೋ ಕವಾಟಗಳಲ್ಲಿ ಎರಡು ಜಾತಿ. (ಜಾತಿ ಇಲ್ಲೂ ಬಿಡಲಿಲ್ಲ ನೋಡ್ರಿ.) ಒಂದು ಲೋಹ, ಪ್ಲಾಸ್ಟಿಕ್ ಬಳಸಿ ಮಾಡಿದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಗೆ ಹಾಕಿದ ಸ್ವದೇಶಿ ಕವಾಟ ಈ ಬಗೆಯದು. ಇನ್ನೊಂದು ಪ್ರಾಣಿಯಿಂದ ಬಂದದ್ದು: ಹಂದಿಯ ಕವಾಟ, ಇಲ್ಲವೇ ದನದ ಹೃದಯವನ್ನು ಸುತ್ತಿರುವ ತೆಳು ಪೊರೆ.

1965ರಲ್ಲಿ ಪ್ಯಾರಿಸ್‌ನಲ್ಲಿ ಅಲೇನ್ ಕಾರ್ಪೆಂಟಿಯೆ ಅನ್ನೋ ಯುವ ಸರ್ಜನ್ ಮತ್ತು ಅವರ ಜೊತೆಗಾರರು ಹಂದಿಯ ಕವಾಟವನ್ನ ಮನುಷ್ಯನಿಗೆ ಹಾಕಿದರು. ಅಂಥವು ಬಹಳ ಕಾಲ ಬಾಳಲಿಲ್ಲ. ದೇಹ ಅದನ್ನ ಪರಕೀಯ ಅಂತ ಗುರುತಿಸಿ ಕೆಡಿಸಿಬಿಡುತ್ತಿತ್ತು. ಕಾರ್ಪೆಂಟಿಯೆ ಸರ್ಜನ್ ಆಗಿದ್ದರೂ ಕೂತು ರಸಾಯನಶಾಸ್ತ್ರ ಓದಿದರು. 1968ರ ಹೊತ್ತಿಗೆ ಗ್ಲುಟರಾಲ್ಡಿಹೈಡ್ ಅನ್ನೋ ರಾಸಾಯನಿಕ ಕೈಗೆ ಸಿಕ್ಕಿತು. ಅದು ಚರ್ಮ ಹದ ಮಾಡುವ ಉದ್ಯಮಕ್ಕೆ ಆಗಲೇ ಗೊತ್ತಿದ್ದ ವಸ್ತು! ಮುಂದೆ 1971ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮರಿಯನ್ ಅಯೊನೆಸ್ಕು ದನದ ಪೊರೆಯಿಂದಲೇ ಕವಾಟ ಹೊಲಿಸಿ ಹಾಕಿದರು.

ಇದರ ಹಿಂದಿನ ಮರ್ಮ ಏನು? ತೊಗಲಿರಲಿ, ಪೊರೆ ಇರಲಿ, ಎರಡರಲ್ಲೂ ಇರೋದು ಕೊಲಾಜನ್ ಅನ್ನೋ ಎಳೆ. ಹಾಗೇ ಬಿಟ್ಟರೆ ಕೊಳೆಯುತ್ತೆ. ಎಳೆ ಎಳೆಗೂ ನಡುವೆ ಗಂಟು ಬಿದ್ದರೆ ಕೊಳೆಯೋದಿಲ್ಲ, ಮೆತ್ತಗಿದ್ದೂ ಗಟ್ಟಿಯಾಗಿರುತ್ತೆ. ನಮ್ಮ ಹಿರಿಯರು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಜಾಲಿ ತೊಗಟೆ, ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಇಟ್ಟು ಮಾಡುತ್ತಿದ್ದುದು ಇದೇ ಕೆಲಸ. ತೊಗಟೆಯ ಒಗರು ಆ ಎಳೆಗಳನ್ನ ಹಿಡಿದು ಕೂಡಿಸುತ್ತೆ. ಮಿಣಿ, ಚಪ್ಪಲಿ, ಹಲಗಿ, ಬಾವಿಯಿಂದ ನೀರೆತ್ತೋ ತೊಗಲಿನ ಚೀಲ, ಎಲ್ಲಾ ಇದರಿಂದಲೇ. ಊರಿನ ಒಕ್ಕಲುತನ ಇದರ ಮೇಲೆ ನಿಂತಿತ್ತು. ಮಾಡಿದವರು ಮಾತ್ರ ಊರ ಹೊರಗೆ.

ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಶರಣರಾದದ್ದು 12ನೇ ಶತಮಾನದಲ್ಲಿ. ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಹರಳಯ್ಯನ ಕಥೆಯನ್ನ ಭಕ್ತಿಯ ಕಥೆ ಅಂತ ಎಲ್ಲರೂ ಹೇಳ್ತಾರೆ. ಆ ಕೈಯ ಕಸುಬನ್ನ ವಿದ್ಯೆ ಅಂತ ಎಷ್ಟು ಜನ ಹೇಳ್ತಾರೆ?

ಕೊಲಾಜನ್‌ನ ಮೂರೆಳೆಯ ಹೆಣಿಗೆಯನ್ನ ತೋರಿಸಿದ್ದು 1954ರಲ್ಲಿ, ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಇಬ್ಬರೂ ಆಗಿನ್ನೂ ಚಿಕ್ಕ ವಯಸ್ಸಿನವರು. ಪರೀಕ್ಷೆಗೆ ಬೇಕಾದ ಕಾಂಗರೂ ಬಾಲದ ಸ್ನಾಯುರಜ್ಜು ಸಿಕ್ಕಿದ್ದು ಅಲ್ಲಿನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಿಂದ. ಆಮೇಲೆ ರಾಮಚಂದ್ರನ್ ಬೆಂಗಳೂರಿನ ಐಐಎಸ್‌ಸಿಗೂ ಬಂದರು.

ಇನ್ನೊಂದು ವಿಷಯ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದರು ಅಂತ ನಮ್ಮ ಹುಡುಗರನ್ನ ಕಾರಿಗೆ ಕಟ್ಟಿ ಹೊಡೆದರು. ಅದೇ ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ ಕವಾಟಕ್ಕೆ 2018ರಲ್ಲಿ ಅನುಮತಿ ಸಿಕ್ಕಿತು. ಎದೆ ಸೀಳದೆ, ರಕ್ತನಾಳದ ಮೂಲಕ ಕೂರಿಸೋ ಕವಾಟ. ಅದರ ಎಸಳುಗಳು ದನದ ಪೊರೆಯವು. ಕಂಪನಿ ಮಾಡಿದ್ದು ಒಳ್ಳೇ ಕೆಲಸ, ಜೀವ ಉಳಿಯುತ್ತೆ. ಆದರೆ ಒಂದೇ ದನ, ಒಂದು ಕೈಯಲ್ಲಿ ಮೈಲಿಗೆ, ಇನ್ನೊಂದು ಕೈಯಲ್ಲಿ ವಿಜ್ಞಾನ!

ಬಾಬಾಸಾಹೇಬರು ಆ ಹೊಲಸು ಕೆಲಸ ಬಿಡ್ರಿ ಅಂದದ್ದು ಸರಿಯಾಗೇ ಇತ್ತು. ಮತ್ತೆ ಗುಂಡಿಗೆ ಇಳೀರಿ ಅಂತ ನಾನು ಹೇಳ್ತಿಲ್ಲ. ಬಬಲೇಶ್ವರ ಕಡೆಯ ಒಬ್ಬ ಹುಡುಗಿ ಇಂಥದೇ ಲ್ಯಾಬ್‌ನಲ್ಲಿದ್ದಾಳೆ. ಅಜ್ಜ ಏನು ಮಾಡ್ತಿದ್ದರು ಅಂತ ಜೊತೆಯವರು ಕೇಳಿದರೆ "ಒಕ್ಕಲುತನ" ಅಂತಾಳಂತೆ. ಪೊರೆಯಲ್ಲಿ ವರ್ಷ ಕಳೆದಂತೆ ಸುಣ್ಣದಂಶ ಕೂತು ಕವಾಟ ಬಿರುಸಾಗುತ್ತೆ, ಎಳೆಯ ರೋಗಿಗಳಲ್ಲಿ ಬೇಗ ಆಗುತ್ತೆ. ಇದು ಇನ್ನೂ ಪೂರಾ ಬಗೆಹರಿಯದ ಸಮಸ್ಯೆ. ಅವಳು ಕೆಲಸ ಮಾಡ್ತಿರೋದೇ ಅದರ ಮೇಲೆ. "ಕಾಕಾ, ನಮ್ಮಜ್ಜ ತೊಗಲು ಬಗ್ಗಿಸಿ ನೋಡಿ ಹದ ಹೇಳ್ತಿದ್ದ, ನಾನು ಮಷೀನ್‌ಗೆ ಹಾಕಿ ಹೇಳ್ತೀನಿ" ಅಂದಳು ಮೊನ್ನೆ ಫೋನಿನಲ್ಲಿ. ಜೊತೆಯವರಿಗೆ ಇನ್ನೂ ಹೇಳಿಲ್ಲ. ಹೇಳೋದು ಬಿಡೋದು ಅವಳಿಗೆ ಬಿಟ್ಟದ್ದು.

ಪಿಎಚ್‌.ಡಿ. ಮಾಡೋ ಎಸ್‌ಸಿ ವಿದ್ಯಾರ್ಥಿಗಳಿಗೆ 2005-06ರಿಂದ ರಾಷ್ಟ್ರೀಯ ಫೆಲೋಶಿಪ್ ಐತಿ. ಅರ್ಜಿ, ಜಾತಿ ಪ್ರಮಾಣಪತ್ರದ ಕಾಗದಪತ್ರದಲ್ಲಿ ತೊಡಕಾದರೆ ಇನ್‌ಬಾಕ್ಸ್‌ಗೆ ಬರ್ರಿ. ನನ್ನ ಆಫೀಸ್ ಕೆಲಸವೇ ಅದು, ಸಂಜೆ ಆರರ ಮೇಲೆ ಕೂತು ತುಂಬೋಣ.