ಮಂಗಳನ ಮೇಲೊಂದು ಮನೆ

ಮನುಷ್ಯ ಇನ್ನೊಂದು ಗ್ರಹದಲ್ಲಿ ಬಾಳಬಲ್ಲನೇ ಎಂದು ಯಾರಾದರೂ ಕೇಳಿದರೆ ನನ್ನ ನೆನಪಿಗೆ ಬರುವುದು ರಾಕೆಟ್ಟಲ್ಲ, ಪುಸ್ತಕ. 1907ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಕ. ಮಂಗಳ ವಾಸಯೋಗ್ಯವೇ ಎಂಬ ಪ್ರಶ್ನೆಯೇ ಅದರ ಹೆಸರು. ಬರೆದಾತ ಆಲ್ಫ್ರೆಡ್ ರಸೆಲ್ ವಾಲೆಸ್, ಡಾರ್ವಿನ್ನನ ಜೊತೆಗೇ ವಿಕಾಸವಾದವನ್ನು ಲೋಕದ ಮುಂದಿಟ್ಟವನು. ಪುಸ್ತಕ ಹೊರಬಂದಾಗ ಆತನಿಗೆ 84 ವರ್ಷ. ಆ ವಯಸ್ಸಿನಲ್ಲಿ, ತನ್ನದಲ್ಲದ ಶಾಸ್ತ್ರದಲ್ಲಿ, ಆತ ಜಗಳಕ್ಕೆ ನಿಂತದ್ದು ಪರ್ಸಿವಲ್ ಲೊವೆಲ್ ಎಂಬ ಅಮೆರಿಕದ ಸಿರಿವಂತನ ಮೇಲೆ.

ಜಗಳದ ಬೀಜ ಬಿದ್ದದ್ದು ಮೂವತ್ತು ವರ್ಷ ಮೊದಲು. 1877ರಲ್ಲಿ ಮಂಗಳ ಭೂಮಿಗೆ ಬಹಳ ಸಮೀಪ ಬಂದಿತ್ತು. ಮಿಲಾನಿನ ಸ್ಕಿಯಾಪರೆಲ್ಲಿ ಅದರ ಮೇಲೆ ಸಣ್ಣ ಸಣ್ಣ ಗೆರೆಗಳನ್ನು ಕಂಡು 'ಕನಾಲಿ' ಎಂದು ಕರೆದ. ಇಟಲಿಯ ಭಾಷೆಯಲ್ಲಿ ಆ ಮಾತಿಗೆ ತಾನಾಗಿ ಆದ ಹಳ್ಳವೆಂದೂ ತೋಡಿದ ಕಾಲುವೆಯೆಂದೂ ಅರ್ಥವಿದೆ. ಇಂಗ್ಲಿಷಿಗೆ ದಾಟುವಾಗ ಹಳ್ಳ ಬಿಟ್ಟುಹೋಗಿ ಕಾಲುವೆ ಮಾತ್ರ ಉಳಿಯಿತು. ಕಾಲುವೆ ಇದ್ದ ಮೇಲೆ ತೋಡಿದವರೂ ಇರಬೇಕಲ್ಲವೇ? ಸೂಯೆಜ್ ಕಾಲುವೆ 1869ರಲ್ಲಿ ತೆರೆದಿತ್ತು; ಕಾಲುವೆ ತೋಡುವುದೇ ನಾಗರಿಕತೆಯ ಪರಮಾವಧಿ ಎಂದು ಜನ ನಂಬಿದ್ದ ಕಾಲ ಅದು.

ಲೊವೆಲ್ ಈ ನಂಬಿಕೆಗೆ ತನ್ನ ಹಣವನ್ನೂ ಆಯುಷ್ಯವನ್ನೂ ಸುರಿದ. 1894ರಲ್ಲಿ ಅರಿಜೋನದ ಫ್ಲ್ಯಾಗ್‌ಸ್ಟಾಫಿನಲ್ಲಿ ಸ್ವಂತ ಖರ್ಚಿನಿಂದ ವೇಧಶಾಲೆ ಕಟ್ಟಿಸಿ, ರಾತ್ರಿಗಟ್ಟಲೆ ಕುಳಿತು ನೂರಾರು ಗೆರೆಗಳ ನಕ್ಷೆ ಬರೆದ. ಅವನು ಹೇಳಿದ ಕಥೆಗೆ ಮನಸ್ಸು ಕರಗದವರು ಕಡಿಮೆ: ಗ್ರಹ ಒಣಗುತ್ತಿದೆ, ಅಲ್ಲಿಯ ಜನ ಜಗಳವನ್ನೆಲ್ಲ ಮರೆತು, ಧ್ರುವದ ಹಿಮ ಕರಗಿದ ನೀರನ್ನು ಸಾವಿರಾರು ಮೈಲಿ ಹರಿಸಿ ಪ್ರಾಣ ಉಳಿಸಿಕೊಂಡಿದ್ದಾರೆ. ಅವನನ್ನು ಮೋಸಗಾರನೆನ್ನಲು ನನಗೆ ಮನಸ್ಸಿಲ್ಲ. ಕಂಡದ್ದನ್ನೇ ಬರೆದ, ಕಣ್ಣು ಮೋಸ ಮಾಡಿತು. ಗ್ರೀನಿಚ್ಚಿನ ಮೌಂಡರ್ ಎಂಬ ಖಗೋಳಜ್ಞ ಇದಕ್ಕೊಂದು ಸೊಗಸಾದ ಪರೀಕ್ಷೆ ಮಾಡಿದ್ದ. ಅಡ್ಡಾದಿಡ್ಡಿ ಚುಕ್ಕೆ, ಕಲೆಗಳಿದ್ದ ಚಿತ್ರವನ್ನು ಶಾಲೆಯ ಹುಡುಗರಿಗೆ ದೂರದಿಂದ ತೋರಿಸಿ ನಕಲು ಮಾಡಲು ಹೇಳಿದ. ಮೂಲದಲ್ಲಿ ಇಲ್ಲದ ನೇರ ಗೆರೆಗಳನ್ನು ಹುಡುಗರು ಎಳೆದುಕೊಟ್ಟರು!

ವಾಲೆಸ್ ಗೆರೆಗಳ ತಕರಾರಿಗೆ ಹೆಚ್ಚು ಸಿಕ್ಕಿಕೊಳ್ಳಲಿಲ್ಲ. ನಾಲೆಯ ಕೊನೆಯಲ್ಲಿ ಗದ್ದೆಯಿರುವ ರೈತ ಕೇಳುವ ಪ್ರಶ್ನೆಯನ್ನೇ ಕೇಳಿದ: ಅಷ್ಟು ದೂರ ಮರುಭೂಮಿಯಲ್ಲಿ, ತೆರೆದ ಕಾಲುವೆಯಲ್ಲಿ ಹರಿಯುವ ನೀರು ಇಂಗದೆ, ಆವಿಯಾಗದೆ ಉಳಿಯುವುದೆಂತು? ಮಂಗಳದ ಹವೆ ದಕ್ಷಿಣ ಇಂಗ್ಲೆಂಡಿನಷ್ಟು ಹಿತವೆಂದು ಲೊವೆಲ್ ಲೆಕ್ಕ ಹಾಕಿದ್ದ. ವಾಲೆಸ್ ಒಪ್ಪಲಿಲ್ಲ. ಬಿಸಿಲು ಬಿದ್ದರಷ್ಟೇ ಸಾಲದು, ಬಿದ್ದ ಶಾಖವನ್ನು ಹಿಡಿದಿಡಲು ಗಾಳಿ ಮತ್ತು ನೀರಾವಿಯ ಕಂಬಳಿ ಬೇಕು. ಸಮಭಾಜಕದ ಎತ್ತರದ ಬೆಟ್ಟಗಳ ಮೇಲೂ ಹಿಮ ಕರಗದಿರುವುದು ಇದರಿಂದಲೇ. ತೆಳುಗಾಳಿಯ ಮಂಗಳ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರಲೇಬೇಕು. ಅಲ್ಲಿ ಯಾರೂ ಇಲ್ಲ, ಇರಲು ಸಾಧ್ಯವೂ ಇಲ್ಲ ಎಂದು ತೀರ್ಪು ಕೊಟ್ಟ. ವಾಲೆಸ್ ಪಕ್ಷಪಾತವಿಲ್ಲದವನೇನೂ ಅಲ್ಲ. ಬುದ್ಧಿಜೀವಿಗಳಿರುವುದು ಭೂಮಿಯಲ್ಲಿ ಮಾತ್ರ ಎಂದು ಮೊದಲೇ, 1903ರಲ್ಲಿ, ದೊಡ್ಡ ಪುಸ್ತಕ ಬರೆದಿದ್ದ. ಆದರೂ ಅವನು ಹಿಡಿದ ಅಳತೆಗೋಲು ಸರಿಯಾದದ್ದು.

1965ರ ಜುಲೈಯಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಪಕ್ಕದಲ್ಲಿ ಹಾದು ಇಪ್ಪತ್ತೊಂದು ಚಿತ್ರಗಳನ್ನು ಕಳುಹಿಸಿತು. ಕಾಲುವೆಯಿಲ್ಲ, ಚಂದ್ರನ ಮೇಲಿರುವಂಥ ಕುಳಿಗಳು. ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಆಮೇಲೆ ಎಷ್ಟೋ ಯಂತ್ರಗಳು ಹೋದವು. 2014ರ ಸೆಪ್ಟೆಂಬರ್ 24ರಂದು, ಬೆಂಗಳೂರಿನಿಂದ ನಡೆಸಿದ ನಮ್ಮದೂ ಒಂದು ತಲುಪಿತು. ಯಾವುದೂ ವಾಲೆಸನ ತೀರ್ಪನ್ನು ಬದಲಿಸಲಿಲ್ಲ.

ಈಗ ಪ್ರಶ್ನೆ ಮಗ್ಗುಲು ಬದಲಿಸಿದೆ. ಅಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ನಾವು ಹೋಗಿ ಇರಬಹುದೇ ಎನ್ನುತ್ತಾರೆ. ಬಿಡಾರ ಹೂಡುವುದನ್ನೂ ಸಂಸಾರ ಹೂಡುವುದನ್ನೂ ಈ ಮಾತಿನಲ್ಲಿ ಬೆರೆಸಿಬಿಟ್ಟಿರುವುದೇ ತೊಂದರೆ ಎಂದು ನನ್ನ ಭಾವನೆ. ಬಿಡಾರ ಆಗದ ಮಾತಲ್ಲ. ರಷ್ಯದ ಪೊಲ್ಯಾಕೊವ್ 1994-95ರಲ್ಲಿ ಒಂದೇ ಸಮನೆ 437 ದಿನ ಅಂತರಿಕ್ಷದಲ್ಲಿದ್ದು ಬಂದ. ಆದರೆ ಅಂಥ ಬಿಡಾರಗಳಿಗೆ ಊಟ ಹೋಗುವುದು ಭೂಮಿಯಿಂದ. ಇನ್ನು ಮಂಗಳದ ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಒಂದು ಪುಟ್ಟ ಯಂತ್ರವನ್ನು ಅಮೆರಿಕ ಕಳುಹಿಸಿತ್ತು. 2021ರಿಂದ 2023ರವರೆಗೆ ಹದಿನಾರು ಸಲ ನಡೆದು ಅದು ತೆಗೆದದ್ದು ಒಟ್ಟು 122 ಗ್ರಾಂ. ಯಂತ್ರ ಗೆದ್ದಿತು, ಸಂಶಯವಿಲ್ಲ. ಆದರೆ ಆ ಆಮ್ಲಜನಕ ಒಬ್ಬ ಮನುಷ್ಯನಿಗೆ ನಾಲ್ಕು ಗಂಟೆಗೂ ಸಾಲದು.

ಸಂಸಾರದ ಪರೀಕ್ಷೆ ನಡೆದದ್ದು ಇಲ್ಲೇ, ಭೂಮಿಯ ಮೇಲೆ. ಅದೂ ಲೊವೆಲನ ಅರಿಜೋನದಲ್ಲಿ. ಒರಾಕಲ್ ಎಂಬ ಊರಿನ ಬಳಿ ಮೂರು ಎಕರೆ ಅಗಲದ ಗಾಜಿನ ಮನೆ ಕಟ್ಟಿ, ಒಳಗೆ ಕಾಡು, ಹೊಲ, ಪುಟ್ಟ ಕಡಲನ್ನೂ ಮಾಡಿ, ಬಯೋಸ್ಫಿಯರ್-2 ಎಂದು ಹೆಸರಿಟ್ಟರು. ಒಂದನೆಯದು ಭೂಮಿ! 1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರು, ನಾಲ್ವರು ಹೆಂಗಸರು ಎರಡು ವರ್ಷಕ್ಕೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೆಳೆದದ್ದು ಹೊಟ್ಟೆ ತುಂಬ ಸಾಲದೆ ಮೈ ಇಳಿಯಿತು. ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಹುಳುಗಳು ಸತ್ತವು. ಇರುವೆ, ಜಿರಲೆಗಳು ಮಾತ್ರ ಚೆನ್ನಾಗಿ ಬಾಳಿದವು. ಎಂಟು ಜನರಲ್ಲಿ ಎರಡು ಪಂಗಡವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಹದಿನಾರು ತಿಂಗಳಲ್ಲಿ ಒಳಗಿನ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದರಿಂದ ಹದಿನಾಲ್ಕರ ಆಸುಪಾಸಿಗೆ ಇಳಿಯಿತು. ಎಲ್ಲಿ ಹೋಯಿತು? ಫಸಲು ಚೆನ್ನಾಗಿ ಬರಲೆಂದು ಹಾಕಿದ ಗೊಬ್ಬರದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟವು. ಅದನ್ನು ಗಿಡಗಳು ಮತ್ತೆ ಆಮ್ಲಜನಕವಾಗಿಸುವ ಮೊದಲೇ ಕಾಂಕ್ರೀಟ್ ಗೋಡೆಗಳು ಹೀರಿ ಸುಣ್ಣಕಲ್ಲಾಗಿಸಿಕೊಂಡವು. ಮಣ್ಣಿನಿಂದ ಗೋಡೆಗೆ ನಡೆದ ಈ ಕಳ್ಳಸಾಗಣೆ ಮನೆ ಕಟ್ಟಿದವರ ಲೆಕ್ಕದಲ್ಲಿ ಇರಲೇ ಇಲ್ಲ. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತರಿಸಿ ಒಳಗೆ ಬಿಟ್ಟರು. ಎಂಟೂ ಜನ ಅವಧಿ ಮುಗಿಸಿ ಸೆಪ್ಟೆಂಬರಿನಲ್ಲಿ ಹೊರಗೆ ಬಂದರು.

ಗಾಜಿನ ಮನೆ ಇನ್ನೂ ಇದೆ. ಈಗ ಅದು ಅರಿಜೋನ ವಿಶ್ವವಿದ್ಯಾಲಯದ ಸ್ವತ್ತು. ಮಳೆನೀರು ಇಳಿಜಾರಿನ ಮಣ್ಣಿನೊಳಗೆ ಹೇಗೆ ಇಳಿದು ಹೋಗುತ್ತದೆಂದು ಅಲ್ಲಿ ಅಳೆಯುತ್ತಿದ್ದಾರೆ.