ಕಣದ ಕಾಳಿಗೆ ಕೊಂಡ ಬಾಳಿಕೆ

ಜೋಳದ ರಾಶಿ ಮುಗಿದ ದಿನ, ಮೊದಲ ಚೀಲ ಮನೆ ಸೇರುವ ಮುನ್ನವೇ ಕಣದ ಅಂಚಿಗೆ ನಾಲ್ಕಾರು ಮಂದಿ ಬಂದು ನಿಲ್ಲುತ್ತಿದ್ದರು. ಬಡಿಗ, ಕಮ್ಮಾರ, ತೊಗಲಿನ ಕೆಲಸದ ಮಾದಿಗರು, ಅಗಸ, ಹಡಪದ. ಒಕ್ಕಲಿಗ ಮೊರ ತುಂಬಿ ಒಬ್ಬೊಬ್ಬರಿಗೂ ಅವರವರ ಪಾಲು ಸುರಿಯುತ್ತಿದ್ದ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಎರೆಭೂಮಿಯಲ್ಲಿ ಇದಕ್ಕೆ ಆಯ ಎನ್ನುತ್ತಿದ್ದರು, ಕಾಳು ಪಡೆಯುವವರು ಆಯಗಾರರು. ಇಂದಿನ ಹಿರಿಯರು ಸಣ್ಣವರಿದ್ದಾಗಲೂ ಇದು ಎಷ್ಟೋ ಊರುಗಳಲ್ಲಿ ನಡೆದಿತ್ತು.

ಆ ಒಂದು ಮೊರ ಕಾಳಿಗೆ ಒಕ್ಕಲಿಗನಿಗೆ ಸಿಗುತ್ತಿದ್ದುದು ಒಂದು ವರ್ಷದ ನಿಶ್ಚಿಂತೆ. ಕುಂಟೆಯ ದಿಂಡು ಸೀಳಿದರೆ ಬಡಿಗ ಬರುತ್ತಿದ್ದ. ಕುಳ ಮೊಂಡಾದರೆ ಕಮ್ಮಾರನ ಕುಲುಮೆಗೆ ಒಯ್ದು ಹಣಿಸಿಕೊಂಡು ಬಂದರಾಯಿತು, ಆ ಹೊತ್ತಿಗೆ ಕಾಸು ಬಿಚ್ಚಬೇಕಿರಲಿಲ್ಲ. ಹೊಸ ನೇಗಿಲಿಗೆ ಮರ ಒಕ್ಕಲಿಗನದು, ಕೆಲಸ ಬಡಿಗನದು. ಜಾಲಿ ಮರ ಕಡಿದು ಚೆನ್ನಾಗಿ ಒಣಗಿಸಿ ಕೊಡುವುದು ಒಕ್ಕಲಿಗನ ಜವಾಬ್ದಾರಿ. ಹಸಿ ಮರ ಕೊಟ್ಟರೆ ಅದು ಬಿರಿದಾಗ ಮತ್ತೆ ಕೂಡಿಸುವ ಕೆಲಸ ಬಡಿಗನ ತಲೆಗೇ ಬರುತ್ತಿತ್ತು. ಆದ್ದರಿಂದ ಹಸಿ ಮರವನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಮಾಡಿದ ವಸ್ತು ಮುರಿದರೆ ಮಾಡಿದವನಿಗೇ ನಷ್ಟ. ಈ ಸೀಮೆಯ ಬಡವರ ಮನೆಯ ಸಾಮಾನು ಬಾಳಿಕೆ ಬಂದದ್ದು ಬಹುಮಟ್ಟಿಗೆ ಈ ಕಟ್ಟಳೆಯಿಂದ.

ಕೈಯಲ್ಲಿ ರೊಕ್ಕ ಇರುತ್ತಿದ್ದುದು ತೀರ ಕಡಿಮೆ. ಕೃಷ್ಣೆ, ತುಂಗಭದ್ರೆಯರ ನಡುವಿನ ದೋಆಬ್ ಎಂದು ಇತಿಹಾಸದ ಪುಸ್ತಕಗಳು ಕರೆಯುವ ಈ ನಾಡಿನಲ್ಲಿ ಎರಡು ದೊಡ್ಡ ಹೊಳೆ ಹರಿದರೂ ಹೊಲಕ್ಕೆ ಮಳೆಯೇ ಗತಿ. ಅದೂ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಹಿಂಗಾರಿ ಜೋಳ ಬಂದರೆ ಬಂತು. ಬಾರದಿದ್ದರೆ ಸಾಹುಕಾರನ ಉದ್ರಿ. ಅಂಥವರು ಒಂದು ವಸ್ತುವನ್ನು ವರ್ಷವರ್ಷವೂ ಹೊಸದಾಗಿ ಕೊಳ್ಳುವಂತೆಯೇ ಇರಲಿಲ್ಲ.

ಆದರೆ ಈ ಬಾಳಿಕೆಯ ಲೆಕ್ಕದಲ್ಲಿ ಬರೆಯದೇ ಬಿಟ್ಟ ಖರ್ಚೊಂದಿತ್ತು. ಸತ್ತ ಎತ್ತನ್ನು ಊರಾಚೆ ಹೊತ್ತು, ಸುಲಿದು, ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ತಂಗಡಿ ತೊಗಟೆಯ ರಸದಲ್ಲಿ ಹದ ಮಾಡಿ ಚರ್ಮ ತಯಾರಿಸುತ್ತಿದ್ದವರು ಮಾದಿಗರು. ಬಾರುಕೋಲು, ಮಿಣಿ, ಕೆರವು, ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಬಾನಿ ಎಲ್ಲವೂ ಅವರ ಕೈಯಿಂದಲೇ ಬರಬೇಕು. ಔಡಲೆಣ್ಣೆ ಕುಡಿಸಿದ ಆ ಕೆರವು ಮುಳ್ಳು, ಕಾದ ನೆಲ, ಎರೆಮಣ್ಣಿನ ಕೆಸರು ಎಲ್ಲವನ್ನೂ ತಡೆಯುತ್ತಿತ್ತು. ಅದನ್ನು ಮಾಡಿದವರು ಮಾತ್ರ ಅದನ್ನು ತೊಡುವವನ ಹೊಸ್ತಿಲು ದಾಟುವಂತಿರಲಿಲ್ಲ. ಅವರಿಗೆ ಸಿಗುತ್ತಿದ್ದ ಕಾಳನ್ನು ಎಷ್ಟೋ ಕಡೆ ಕೂಲಿಯೆಂದು ಎಣಿಸದೆ ದಯೆಯೆಂದು ಎಣಿಸಲಾಯಿತು. ಆಯದ ಕಾಲವನ್ನು ಹಳ್ಳಿಯ ಸೌಹಾರ್ದವೆಂದು ಹೊಗಳಿ ಬರೆಯುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗುತ್ತಾರೆ. ಅದು ಸರಿಯಲ್ಲ. ಮಾದಿಗರ ಮಕ್ಕಳು ಈ ಕಸುಬು ಬಿಟ್ಟು ಶಾಲೆಯ ಕಡೆ, ಪಟ್ಟಣದ ಕಡೆ ನಡೆದಾಗ ಊರಿಗೆ ಗಟ್ಟಿ ಕೆರವು ತಪ್ಪಿದ್ದು ನಿಜ. ಅವರು ಬಿಟ್ಟದ್ದು ನ್ಯಾಯವೇ.

ತೊಗಲಿನ ಬಾನಿಯ ಬಾಳಿಕೆ ಮದ್ರಾಸಿನ ಸರ್ಕಾರವನ್ನೂ ಕಾಡಿದ ವಿಷಯ. ಅಲ್ಲಿನ ಕಲಾಶಾಲೆಯಲ್ಲಿದ್ದ ಆಲ್‌ಫ್ರೆಡ್ ಚ್ಯಾಟರ್ಟನ್ 1903ರ ಸುಮಾರಿಗೆ ಕ್ರೋಮ್ ಹದದ ಚರ್ಮದ ಪ್ರಯೋಗಕ್ಕೆ ಕೈಹಾಕಿದರು. ನೀರಿನಲ್ಲಿ ಬೇಗ ಕೊಳೆಯದ ಬಾನಿ ರೈತನಿಗೆ ಸಿಗಲಿ ಎಂಬುದು ಅದರ ಉದ್ದೇಶಗಳಲ್ಲಿ ಒಂದು. ಅದಕ್ಕೂ ಮೊದಲು, 1898ರಲ್ಲಿ, ಅದೇ ಶಾಲೆಯಲ್ಲಿ ಅವರು ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ತೊಡಗಿದ್ದರು.  ಬಡವರ ಅಡುಗೆಮನೆಯಲ್ಲಿ ಜರ್ಮನ್ ಎನಿಸಿಕೊಂಡ ಈ ಪಾತ್ರೆಯ ಕಥೆ ಅಲ್ಲಿಂದ ಶುರು.

ರಾಯಚೂರು ಪೇಟೆಗೆ ಹೊರಗಿನ ಮಾಲು ಬರುವ ದಾರಿ ತೆರೆದದ್ದು ಅದಕ್ಕೂ ಮೊದಲು, 1871ರಲ್ಲಿ. ಮುಂಬಯಿಯಿಂದ ಬಂದ ರೈಲು ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ಆ ವರ್ಷ ಇಲ್ಲಿ ಕೂಡಿದವು. ಹತ್ತಿ, ಶೇಂಗಾ ಹೊರಗೆ ಹೋದವು. ಗಿರಣಿ ಬಟ್ಟೆ, ಹಿತ್ತಾಳೆ ತಗಡು, ಕಬ್ಬಿಣದ ಪಟ್ಟಿ ಒಳಗೆ ಬಂದವು. ಐದಾರು ವರ್ಷ ಕಳೆಯುವುದರೊಳಗೆ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಬಿತ್ತು, 1876ರಿಂದ 78ರವರೆಗೆ. ದಖ್ಖನಿನ ಉದ್ದಗಲಕ್ಕೂ ಜನ ಒಡವೆ, ಪಾತ್ರೆ ಮಾರಿ ಕಾಳು ಕೊಂಡರು.

ಭಾಂಡೆಯನ್ನು ಈ ಜನ ಯಾಕಷ್ಟು ಜತನ ಮಾಡುತ್ತಿದ್ದರು ಎಂಬುದು ಆ ಬರವನ್ನು ನೆನೆದರೆ ತಿಳಿಯುತ್ತದೆ. ಹಿತ್ತಾಳೆ, ತಾಮ್ರದ ಕೊಡ, ಹಂಡೆ, ತಂಬಿಗೆಗಳನ್ನು ತೂಕದ ಮೇಲೆ ಕೊಳ್ಳುತ್ತಿದ್ದರು, ತೂಕದ ಮೇಲೆಯೇ ಮಾರುತ್ತಿದ್ದರು. ಬೆರಳಿನಿಂದ ಬಾರಿಸಿ ನಾದ ಕೇಳುವುದು, ತಳ ಒತ್ತಿ ನೋಡುವುದು, ಅಂಚಿನ ದಪ್ಪ ಸವರುವುದು, ಇಷ್ಟಾದ ಮೇಲೆಯೇ ತಕ್ಕಡಿ. ಕೊನೆಗೆ ಅಂಗಡಿಯಲ್ಲೇ ಕೂತು ಹೆಸರು ಕೊರೆಸುವುದು. ತಳ ತೂತಾದ ಹಂಡೆಗೂ ಲೋಹದ ಬೆಲೆ ಸಿಗುತ್ತಿತ್ತು. ರೊಕ್ಕದ ಲೆಕ್ಕ ಮಾತ್ರ ಇಷ್ಟು ನೇರವಾಗಿರಲಿಲ್ಲ. ಈ ಸೀಮೆಯನ್ನು ಆಳುತ್ತಿದ್ದ ನಿಜಾಮರ ನಾಣ್ಯ ಹಾಲಿ ಸಿಕ್ಕಾ ಬೇರೆ, ಬ್ರಿಟಿಷರ ಕಲ್ದಾರ್ ಬೇರೆ. ನೂರು ಕಲ್ದಾರಿಗೆ ಹೆಚ್ಚುಕಡಿಮೆ 116 ಹಾಲಿ ರೂಪಾಯಿ. ಗಡಿಯಾಚೆಯ ಮಾಲು ಕೊಳ್ಳುವಾಗಲೆಲ್ಲ ಈ ವಿನಿಮಯದ ತೊಡಕು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1959ರಲ್ಲಿ ಹಾಲಿ ನಾಣ್ಯದ ಚಲಾವಣೆಯೇ ನಿಂತಿತು. ಅಟ್ಟದ ಮೇಲಿನ ತಾಮ್ರದ ಹಂಡೆ ಮಾತ್ರ ಯಾವ ಸರ್ಕಾರ ಬಂದರೂ ತನ್ನ ತೂಕಕ್ಕೆ ತಕ್ಕ ಬೆಲೆ ಉಳಿಸಿಕೊಂಡಿತು.

ಆ ಹಂಡೆಯನ್ನು ಬಳಕೆಯಲ್ಲಿಟ್ಟವನು ಕಲಾಯಿಯವನು. ಬೀದಿ ಮೂಲೆಯಲ್ಲಿ ಸಣ್ಣ ಕುಣಿ ತೋಡಿ, ತಿದಿಯ ಮೂತಿ ಹೂತು, ಇದ್ದಿಲು ಹೊತ್ತಿಸುತ್ತಿದ್ದ. ಪಾತ್ರೆಯೊಳಗೆ ಮರಳು ಹಾಕಿ ಪಾದದಿಂದ ತಿರುವಿ ತಿರುವಿ ಉಜ್ಜಿ, ಕೆಂಪಗೆ ಕಾಯಿಸಿ, ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಮೂಗಿಗೆ ಅಡರುತ್ತಿತ್ತು. ಆ ಕ್ಷಣಕ್ಕೇ ತವರದ ಕಡ್ಡಿ ಮುಟ್ಟಿಸಿ, ಅರಳೆಯ ಉಂಡೆಯಿಂದ ಸುತ್ತ ಸವರಿದರೆ ಕರ್ರಗಿದ್ದ ತಾಮ್ರ ಬೆಳ್ಳಗೆ ಹೊಳೆಯುವುದು. ಹುಳಿ ಸಾರು ಕಿಲುಬದಂತೆ ತಡೆಯುವುದು ಆ ತೆಳು ಲೇಪ. ತವರ ಬರುತ್ತಿದ್ದುದು ಬಹುಪಾಲು ಮಲಯಾದಿಂದ. 1942ರಲ್ಲಿ ಜಪಾನ್ ಮಲಯಾವನ್ನು ಹಿಡಿದಾಗ ಆ ದಾರಿ ಮುಚ್ಚಿತು. ದೂರದ ಯುದ್ಧವೊಂದು ಊರೂರಿನ ಕಲಾಯಿ ಕುಲುಮೆಯನ್ನೂ ಮುಟ್ಟುವಂಥದ್ದಾಗಿತ್ತು.

ಕಂಬಳಿಯ ವಿಷಯದಲ್ಲಿ ಹೊರಗಿನಿಂದ ತರಬೇಕಾದದ್ದು ಏನೂ ಇರಲಿಲ್ಲ. ಕುರಿ ಊರಿನದು, ಉಣ್ಣೆ ಊರಿನದು, ಗಂಜಿಗೆ ಬೇಕಾದ ಹುಣಸೆ ಬೀಜವೂ ಊರಿನದೇ. ಕುರುಬರ ಹೆಣ್ಣುಮಕ್ಕಳು ನೂಲು ತೆಗೆದರೆ ಗಂಡಸರು ನೇಯುತ್ತಿದ್ದರು. ಹುರಿದು ರುಬ್ಬಿ ಕುದಿಸಿದ ಹುಣಸೆ ಬೀಜದ ಗಂಜಿಯನ್ನು ಹಾಸಿನ ಎಳೆಗಳಿಗೆ ಕುಂಚದಿಂದ ಬಳಿದು ಬಿಸಿಲಿಗೆ ಒಣಗಿಸಿದ ಮೇಲೆ ಮಗ್ಗ. ಹೊಸ ಕಂಬಳಿ ಮೊದಲಿಗೆ ತಗಡಿನಂತೆ ಸೆಟೆದಿರುತ್ತದೆ, ಮೈಗೆ ಚುಚ್ಚುತ್ತದೆ. ಎರಡು ಮಳೆ ಕಂಡ ಮೇಲೆ ಎಳೆಗಳು ಒಂದಕ್ಕೊಂದು ಹೆಣೆದು ಮೈದುಂಬಿ ಬಿಗಿಯುತ್ತವೆ. ದಖ್ಖನಿ ಕುರಿಯ ಒರಟು ಕರಿ ಉಣ್ಣೆ ಮಿಲ್ಲುಗಳಿಗೆ ಬೇಡವಾದರೂ ಇಲ್ಲಿ ಅದೇ ಗುಣ. ಕೊಳ್ಳುವವರು ಕಂಬಳಿಯನ್ನು ಬಿಸಿಲಿಗೆ ಹಿಡಿದು ಬೆಳಕು ತೂರುತ್ತದೆಯೇ ಎಂದು ನೋಡುತ್ತಿದ್ದರು. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಹೊಲದಲ್ಲಿ ಹಾಸು, ಕಾಳು ಒಣಗಿಸಲು ಕಣ, ಮದುವೆ ದೇವರಕಾರ್ಯಕ್ಕೆ ಗದ್ದುಗೆ. ಒಂದೇ ಕಂಬಳಿ ಹತ್ತು ವರ್ಷ ಮೀರಿ ಈ ಎಲ್ಲ ಕೆಲಸಕ್ಕೂ ಒದಗುತ್ತಿತ್ತು.

ಹರಿದ ಇಳಕಲ್ ಸೀರೆ, ಸವೆದ ಧೋತರಗಳಿಗೆ ಕೌದಿಯಲ್ಲಿ ಇನ್ನೊಂದು ಆಯುಷ್ಯ. ಪದರದ ಮೇಲೆ ಪದರ ಹಾಸಿ ನಾಲ್ಕೂ ಅಂಚಿನಿಂದ ನಡುವಿನವರೆಗೆ ಒತ್ತಾಗಿ ಓಡುಹೊಲಿಗೆ ಹಾಕಿದರೆ ಬಟ್ಟೆ ಜಗ್ಗುವುದಿಲ್ಲ, ಒಳಪದರ ಮುದ್ದೆಗಟ್ಟುವುದಿಲ್ಲ. ಹೊಸದಾಗಿ ಬೇಕಾದದ್ದು ದಾರ ಮಾತ್ರ.

ಆಯದ ಈ ಬದುಕಿಗೆ ಬದಲಾವಣೆ ಎಲ್ಲ ಕಡೆಗೂ ಒಂದೇ ಹೊತ್ತಿಗೆ ಬರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಮುಟ್ಟಿದ ಮಾನ್ವಿಯ ಹೊಲಗಳು ಗದ್ದೆಗಳಾದವು, ಮುಂದೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನ ಕುಳ ಹಣಿಯಲು ಊರ ಕಮ್ಮಾರನಿಂದ ಆಗಲಿಲ್ಲ. ಭತ್ತ ಮಾರಿ ಬಂದ ರೊಕ್ಕದಿಂದ ಕೊಳ್ಳುವುದು ರೂಢಿಯಾಯಿತು. ಕೃಷ್ಣೆಯ ದಂಡೆಯಲ್ಲೇ ಇರುವ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಲುಪಿದ್ದು ಎಷ್ಟೋ ತಡವಾಗಿ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿಯ ವರದಿ ಈ ತಾಲ್ಲೂಕನ್ನು ರಾಜ್ಯದ ಅತಿ ಹಿಂದುಳಿದವುಗಳ ಸಾಲಿನಲ್ಲಿ ಇಟ್ಟಿತು. ಇಲ್ಲಿ ಆಯ ಮುರಿದುಬಿತ್ತು, ಅದರ ಜಾಗಕ್ಕೆ ಬರಬೇಕಿದ್ದ ರೊಕ್ಕ ಬರಲಿಲ್ಲ. ಜನ ಗುಳೆ ಹೊರಟರು. ಬೆಂಗಳೂರಿನ ಕಟ್ಟಡಗಳ ಪಕ್ಕದ ಶೆಡ್ಡಿಗೆ ಹೋಗುವವರು ತಾಮ್ರದ ಹಂಡೆ ಹೊತ್ತೊಯ್ಯಲಾರರು. ಎರಡು ಜರ್ಮನ್ ಪಾತ್ರೆ, ಒಂದು ಪ್ಲಾಸ್ಟಿಕ್ ಕೊಡ, ಒಂದು ಕೌದಿ, ಇಷ್ಟೇ ಗಂಟು.

ಪ್ಲಾಸ್ಟಿಕ್ ಕೊಡವನ್ನು ಹಳಿಯುವವರು ನೀರು ಹೊರುವ ಹೆಣ್ಣುಮಗಳನ್ನು ಒಮ್ಮೆ ಕೇಳಬೇಕು. ಹಿತ್ತಾಳೆ ಕೊಡ ಖಾಲಿಯಿದ್ದಾಗಲೇ ಎರಡು ಮೂರು ಕಿಲೋ ತೂಗುತ್ತದೆ. ಬೇಸಿಗೆಯಲ್ಲಿ ದೂರದ ಬೋರ್‌ವೆಲ್ಲಿನಿಂದ ನೀರು ತರುವ ಕೊರಳಿಗೆ ಆ ಭಾರ ಇಳಿದದ್ದೇ ದೊಡ್ಡ ಉಪಕಾರ. ಕೊಡ ಸೀಳಿದಾಗ ಕಾಸಿದ ಕಬ್ಬಿಣದಿಂದ ಪ್ಲಾಸ್ಟಿಕ್ ಚೂರು ಕರಗಿಸಿ ತೇಪೆ ಹಾಕುವ ಹೊಸ ಕಸುಬಿನವರೂ ಬೀದಿಗೆ ಬಂದರು. ಲಾರಿಯ ಹಳೇ ಟೈರು ಕೊಯ್ದು ಚಪ್ಪಲಿ ಮಾಡುವವರು ಸಂತೆಯಲ್ಲಿ ಕೂತರು. ಹೊಲದ ಕೆಲಸದವರ ಮಟ್ಟಿಗೆ ಹಳೆಯ ಕೆರವಿಗೆ ಸರಿಗಟ್ಟಿದ್ದು ಈ ಟೈರು ಚಪ್ಪಲಿ ಒಂದೇ.

ಕಂಬಳಿಗೆ ಅಂಥ ಬದಲಿ ಸಿಗಲಿಲ್ಲ. ಜಿಲ್ಲೆಯ ಹಟ್ಟಿಗಳಲ್ಲಿ ಮಾಂಸಕ್ಕೆ ಬೆಲೆ ಏರಿದಂತೆ, ಉಣ್ಣೆಯೇ ಇಲ್ಲದ, ಬರಿ ಕೂದಲಿನ ಕೆಂಗುರಿಗೆ ಬೇಡಿಕೆ ಹೆಚ್ಚಿತು. ಕರಿ ಉಣ್ಣೆಯ ಕುರಿ ಇರುವಲ್ಲಿಯೂ ಕತ್ತರಿಸುವ ಕೂಲಿ ಗಿಟ್ಟುವುದು ಕಷ್ಟ. ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಪೇಟೆಯಲ್ಲಿ ಈಗ ಚಳಿಗಾಲಕ್ಕೆ ಬಿಕರಿಯಾಗುವುದು ಹೊರಗಿನ ಮಿಲ್ಲುಗಳ ಪಾಲಿಯೆಸ್ಟರ್ ಹೊದಿಕೆ. ಅವು ಅಗ್ಗ, ಮೆತ್ತಗೆ, ಬಣ್ಣಬಣ್ಣ. ಮಳೆಯಲ್ಲಿ ಕುರಿ ಹಿಂದೆ ನಡೆಯುವವನಿಗೆ ಅವುಗಳಿಂದ ಪ್ರಯೋಜನವಿಲ್ಲ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಕುಶಲಕರ್ಮಿಗಳಿಗಾಗಿ ಪಿ.ಎಂ. ವಿಶ್ವಕರ್ಮ ಯೋಜನೆ ಶುರು ಮಾಡಿತು. ತರಬೇತಿ, ಸಾಲ, ಜೊತೆಗೆ ಸಲಕರಣೆಗೆ 15,000 ರೂಪಾಯಿ. ಪಟ್ಟಿಯಲ್ಲಿರುವ 18 ಕಸುಬುಗಳಲ್ಲಿ ಬಡಿಗ, ಕಮ್ಮಾರ, ಕುಂಬಾರ, ಚಮ್ಮಾರ, ಅಗಸ, ಕ್ಷೌರಿಕರಿದ್ದಾರೆ. ಹಳೆಯ ಕಣದ ಅಂಚಿನಲ್ಲಿ ನಿಲ್ಲುತ್ತಿದ್ದವರಲ್ಲಿ ಬಹುತೇಕರಿಗೆ ಅಲ್ಲಿ ಜಾಗ ಸಿಕ್ಕಿದೆ. ಕಲಾಯಿಯವರ, ಕಂಬಳಿ ನೇಯುವ ಕುರುಬರ, ಕೌದಿ ಹೊಲಿಯುವ ಹೆಣ್ಣುಮಕ್ಕಳ ಕಸುಬುಗಳ ಹೆಸರು ಆ ಹದಿನೆಂಟರಲ್ಲಿ ಇಲ್ಲ.